ಋಣ ಆವೃತ್ತಿ ಮತ್ತು ಊಷ್ಮಧ್ವನಿಗಳ ಅಳತೆ: ಸಾಗರ, ಹೊಸನಗರ, ತೀರ್ಥಹಳ್ಳಿಗಳ ಆಡುಮಾತಿನ ಅಧ್ಯಯನಕ್ಕೆ ಒಂದು ವಿವರಣೆ

ಸಾರಾಂಶ

ಧ್ವನಿಮುದ್ರಿಕೆಯೊಂದರ ಫೂರಿಯೇ ರೋಹಿತದಲ್ಲಿ ಧನ ಆವೃತ್ತಿಗಳ ಜೊತೆಗೆ ಅವುಗಳ ಪ್ರತಿಬಿಂಬವಾದ ಋಣ ಆವೃತ್ತಿಗಳೂ ಇರುತ್ತವೆ. ಮಾತಿನ ಸಂಕೇತದಲ್ಲಿ ಈ ಋಣಭಾಗವು ಹೊಸ ಮಾಹಿತಿಯನ್ನು ನೀಡುವುದಿಲ್ಲ. ಆದರೆ ಲೆಕ್ಕದಲ್ಲಿ ಅದರ ಸ್ಥಾನ ಯಾವುದೆಂದು ಅರಿಯದಿದ್ದರೆ ಸಕಾರ–ಶಕಾರಗಳ ಭೇದವು ಅಳತೆಯಲ್ಲಿ ಅಳಿಸಿಹೋಗಬಹುದು, ಇಲ್ಲವೆ ತಲೆಕೆಳಗಾಗಬಹುದು. ಈ ಎರಡು ಅಪಾಯಗಳನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ.

ಕೀಲಿಪದಗಳು: ಋಣ ಆವೃತ್ತಿ, ರೋಹಿತ, ಊಷ್ಮಧ್ವನಿ, ಗುರುತ್ವಕೇಂದ್ರ, ಮಾದರೀಕರಣ, ಮಲೆನಾಡಿನ ಕನ್ನಡ

1. ಪ್ರಸ್ತಾವನೆ

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳಲ್ಲಿ ಹರಿದು ಜೋಗದಲ್ಲಿ ಧುಮುಕುತ್ತದೆ. ಈ ಮೂರು ತಾಲ್ಲೂಕುಗಳ ಆಡುಮಾತನ್ನು ಅಳೆಯಹೊರಟವರಿಗೆ ಈ ಸ್ಥಳನಾಮಗಳೇ ಪರೀಕ್ಷಾಪದಗಳಾಗಬಲ್ಲವು: ‘ಶರಾವತಿ’ಯಲ್ಲಿ ಪದಾದಿಯ ಶಕಾರವಿದೆ, ‘ಸಾಗರ’ದಲ್ಲಿ ಪದಾದಿಯ ಸಕಾರವಿದೆ, ‘ಹೊಸನಗರ’ದಲ್ಲಿ ಸ್ವರಮಧ್ಯದ ಸಕಾರವಿದೆ. ಕನ್ನಡದ ಆಡುಮಾತಿನಲ್ಲಿ ಶ–ಸ ಭೇದವು ಎಲ್ಲ ಪ್ರಾದೇಶಿಕ ಮತ್ತು ಸಾಮಾಜಿಕ ಪ್ರಭೇದಗಳಲ್ಲಿ ಒಂದೇ ತೆರನಾಗಿ ಉಳಿದಿಲ್ಲ; ‘ಶಾಲೆ’ ಎಂದು ಬರೆಯುವುದನ್ನು ‘ಸಾಲೆ’ ಎಂದು ನುಡಿಯುವುದೂ ಉಂಟು. ಹವ್ಯಕ ಕನ್ನಡವೂ ಸೇರಿದಂತೆ ಹಲವು ಪ್ರಭೇದಗಳು ನೆರೆಹೊರೆಯಾಗಿರುವ ಈ ಪ್ರದೇಶದಲ್ಲಿ ಯಾರ ಮಾತಿನಲ್ಲಿ ಭೇದ ಉಳಿದಿದೆ, ಯಾರ ಮಾತಿನಲ್ಲಿ ಅಳಿದಿದೆ ಎಂಬುದನ್ನು ನಿರ್ಣಯಿಸಲು ಕಿವಿಯ ಸಾಕ್ಷ್ಯಕ್ಕೆ ಅಳತೆಯ ಬೆಂಬಲವೂ ಬೇಕು. ಅಳತೆಗೆ ತೊಡಗಿದ ಕೂಡಲೇ ಋಣ ಆವೃತ್ತಿ ಎದುರಾಗುತ್ತದೆ.

ಇದು ಕ್ಷೇತ್ರಕಾರ್ಯದ ವರದಿಯಲ್ಲ, ವಿಧಾನದ ವಿವರಣೆ. ಮುಂದೆ ಬಳಸಿದ ಸಂಖ್ಯೆಗಳು ಲೆಕ್ಕವನ್ನು ಸ್ಪಷ್ಟಪಡಿಸಲು ಆಯ್ದುಕೊಂಡವು.

2. ಪರಿಕಲ್ಪನೆ

ಎರಡು ಪದಗಳ ಬಗ್ಗೆ ಮೊದಲೇ ಎಚ್ಚರ ಬೇಕು. ಇಲ್ಲಿ ‘ಸಂಕೇತ’ವೆಂದರೆ ಭಾಷಾವಿಜ್ಞಾನದ ಸೂಚಕ–ಸೂಚಿತಗಳ ಜೋಡಿಯಲ್ಲ, ಕಾಲದೊಂದಿಗೆ ಬದಲಾಗುವ ಒತ್ತಡದ ದಾಖಲೆ. ‘ಋಣ’ವೆಂದರೆ ವ್ಯಾಕರಣದ ನಿಷೇಧವಲ್ಲ, ದಿಕ್ಕನ್ನು ಸೂಚಿಸುವ ಚಿಹ್ನೆ.

ಸೆಕೆಂಡಿಗೆ ಇಷ್ಟು ಬಾರಿ ಎಂಬ ಎಣಿಕೆಯಾಗಿ ಮಾತ್ರ ಆವೃತ್ತಿಯನ್ನು ಗ್ರಹಿಸಿದರೆ ಋಣ ಆವೃತ್ತಿಗೆ ಅರ್ಥವಿಲ್ಲ. ಅದನ್ನು ಭ್ರಮಣದ ವೇಗವೆಂದು ಗ್ರಹಿಸಿದಾಗ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಮಲೆನಾಡಿನ ಆಲೆಮನೆಯಲ್ಲಿ ಕಬ್ಬಿನ ಗಾಣದ ಅಕ್ಕಪಕ್ಕದ ಎರಡು ಉರುಳೆಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ. ಒಂದರ ದಿಕ್ಕನ್ನು ಧನವೆಂದು ಕರೆದರೆ ಇನ್ನೊಂದರ ದಿಕ್ಕು ಋಣ. ಎರಡನೆಯ ಉರುಳೆ ‘ಸೊನ್ನೆಗಿಂತ ಕಡಿಮೆ ಬಾರಿ’ ತಿರುಗುತ್ತಿದೆ ಎಂದು ಯಾರೂ ಹೇಳುವುದಿಲ್ಲ.

ಫೂರಿಯೇ ವಿಶ್ಲೇಷಣೆಯ ಮೂಲಘಟಕವು ಸಮ್ಮಿಶ್ರ ಸಂಖ್ಯೆಗಳ ಸಮತಲದಲ್ಲಿ ತಿರುಗುವ ಸದಿಶ. ಸಮಾನ ಉದ್ದದ ಎರಡು ಸದಿಶಗಳು ಒಂದೇ ಸ್ಥಾನದಿಂದ ಹೊರಟು ಒಂದೇ ವೇಗದಲ್ಲಿ ವಿರುದ್ಧ ದಿಕ್ಕುಗಳಿಗೆ ತಿರುಗಿದರೆ, ಅವುಗಳ ಕಾಲ್ಪನಿಕ ಭಾಗಗಳು ಪ್ರತಿಕ್ಷಣವೂ ಪರಸ್ಪರ ಅಳಿದುಹೋಗುತ್ತವೆ. ವಾಸ್ತವ ಭಾಗಗಳು ಕೂಡಿ ಹಿಂದೆ ಮುಂದೆ ತೂಗುವ ಒಂದು ಕೊಸೈನ್ ಅಲೆಯಾಗುತ್ತದೆ. ಹೀಗಾಗಿ ಪಾರ 1 ಇರುವ ಕೊಸೈನ್ ಅಲೆಯು ರೋಹಿತದಲ್ಲಿ ಧನ ಆವೃತ್ತಿಯಲ್ಲಿ ಅರ್ಧವಾಗಿಯೂ ಋಣ ಆವೃತ್ತಿಯಲ್ಲಿ ಅರ್ಧವಾಗಿಯೂ ಕಾಣಿಸುತ್ತದೆ. ಒಂದೇ ಮೈಕ್ರೋಫೋನಿನಿಂದ ಮುದ್ರಿಸಿದ ಮಾತು ವಾಸ್ತವ ಸಂಖ್ಯೆಗಳ ಸರಣಿಯಾದ್ದರಿಂದ, ಅದರ ಪ್ರತಿಯೊಂದು ಘಟಕಕ್ಕೂ ಇಂಥ ಜೋಡಿ ಇರಲೇಬೇಕು. ಜೋಡಿಯ ಪಾರಗಳು ಸಮ, ಪ್ರಾವಸ್ಥೆಗಳು ವಿರುದ್ಧ.

ಋಣಭಾಗದಲ್ಲಿ ಹೊಸ ಮಾಹಿತಿ ಇಲ್ಲವೆಂಬುದು ಎಣಿಕೆಯಿಂದಲೂ ತಿಳಿಯುತ್ತದೆ. 1024 ವಾಸ್ತವ ಮಾದರಿಗಳನ್ನು ರೂಪಾಂತರಿಸಿದರೆ 1024 ಸಮ್ಮಿಶ್ರ ಸಂಖ್ಯೆಗಳು, ಅಂದರೆ 2048 ವಾಸ್ತವ ಸಂಖ್ಯೆಗಳು ಬರುತ್ತವೆ. 1024 ಸ್ವತಂತ್ರ ಸಂಖ್ಯೆಗಳಿಂದ 2048 ಸ್ವತಂತ್ರ ಸಂಖ್ಯೆಗಳು ಹುಟ್ಟಲಾರವು, ಅರ್ಧದಷ್ಟು ಪುನರುಕ್ತಿಯೇ. ಸ್ಪೆಕ್ಟ್ರೋಗ್ರಾಮ್ ಧನಭಾಗವನ್ನು ಮಾತ್ರ ತೋರಿಸುವುದು ಇದೇ ಕಾರಣಕ್ಕೆ.

3. ಮೊದಲ ಅಪಾಯ: ಭೇದವು ಅಳಿಸಿಹೋಗುವುದು

ಘರ್ಷಣೆ ನಡೆಯುವ ಸ್ಥಾನದಿಂದ ತುಟಿಯವರೆಗಿನ ಕುಹರವು ಚಿಕ್ಕದಾದಷ್ಟೂ ಅನುರಣನದ ಆವೃತ್ತಿ ಹೆಚ್ಚುತ್ತದೆ. ಆದ್ದರಿಂದ ಸಕಾರದ ಶಕ್ತಿಯು ಶಕಾರದ ಶಕ್ತಿಗಿಂತ ಮೇಲಿನ ಆವೃತ್ತಿಗಳಲ್ಲಿ ನೆಲೆಸುತ್ತದೆ. ಈ ಅಂತರವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಲು ರೋಹಿತದ ಗುರುತ್ವಕೇಂದ್ರವನ್ನು, ಅಂದರೆ ಶಕ್ತಿಯ ತೂಕಕ್ಕನುಗುಣವಾದ ಆವೃತ್ತಿಗಳ ಸರಾಸರಿಯನ್ನು, ಬಳಸುವುದು ರೂಢಿ.

ಮಾದರೀಕರಣದ ದರ 48000 ಹರ್ಟ್ಸ್, ವಿಶ್ಲೇಷಣೆಯ ಚೌಕಟ್ಟು 1024 ಮಾದರಿಗಳದ್ದು ಎಂದುಕೊಳ್ಳೋಣ. ಒಂದೊಂದು ಘಟಕದ ನಡುವಿನ ಅಂತರ 46.875 ಹರ್ಟ್ಸ್. ಸಕಾರದ ಶಕ್ತಿಯೆಲ್ಲ 6000 ಹರ್ಟ್ಸ್‌ನಲ್ಲಿ, ಶಕಾರದ ಶಕ್ತಿಯೆಲ್ಲ 3000 ಹರ್ಟ್ಸ್‌ನಲ್ಲಿ ಇದೆಯೆಂದು ಸರಳೀಕರಿಸೋಣ. ಸಕಾರವು 128ನೆಯ ಘಟಕದಲ್ಲಿ ಕಾಣಿಸುತ್ತದೆ. ಅದರ ಋಣ ಜೊತೆಗಾರ −6000 ಹರ್ಟ್ಸ್ 896ನೆಯ ಘಟಕದಲ್ಲಿ, 42000 ಹರ್ಟ್ಸ್ ಎಂಬ ವೇಷದಲ್ಲಿ ಕೂರುತ್ತದೆ. ಶಕಾರವು 64ನೆಯ ಘಟಕದಲ್ಲಿ, ಅದರ ಜೊತೆಗಾರ 960ನೆಯ ಘಟಕದಲ್ಲಿ 45000 ಹರ್ಟ್ಸ್ ಎಂದು ಕಾಣಿಸಿಕೊಳ್ಳುತ್ತದೆ.

ಪೂರ್ತಿ ಪಟ್ಟಿಯ ಮೇಲೆ ಸರಾಸರಿ ತೆಗೆದರೆ ಸಕಾರಕ್ಕೂ 24000, ಶಕಾರಕ್ಕೂ 24000. ಇದು ಆಕಸ್ಮಿಕವಲ್ಲ. ಸೊನ್ನೆಯ ಘಟಕವನ್ನು ಬಿಟ್ಟರೆ ಯಾವುದೇ ವಾಸ್ತವ ಸಂಕೇತದ ಪೂರ್ಣ ಪಟ್ಟಿಯ ಗುರುತ್ವಕೇಂದ್ರವು ದರದ ಅರ್ಧವೇ ಆಗಿರುತ್ತದೆ. ಸ್ವರವಾಗಲಿ, ಊಷ್ಮವಾಗಲಿ, ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಾಗಲಿ ಫಲಿತಾಂಶ ಒಂದೇ. ಇದನ್ನು ಕಂಡು ‘ಈ ಭಾಷಿಕರಲ್ಲಿ ಶ–ಸ ಭೇದವಿಲ್ಲ’ ಎಂದು ಬರೆದರೆ, ಅದು ಭಾಷಿಕರ ಬಗ್ಗೆ ಹೇಳಿದ ಮಾತಲ್ಲ, ಗಣಿತದ ಸಮ್ಮಿತಿಯ ಬಗ್ಗೆ ಹೇಳಿದ ಮಾತು. ಪ್ರಾಟ್ ತಂತ್ರಾಂಶವು ರೋಹಿತವನ್ನು ಸೊನ್ನೆಯಿಂದ ದರದ ಅರ್ಧದವರೆಗೆ ಮಾತ್ರ ಇಟ್ಟುಕೊಳ್ಳುವುದರಿಂದ ಅಲ್ಲಿ ಈ ತಪ್ಪು ನುಸುಳದು. ಸಂಶೋಧಕರು ಸ್ವತಃ ಫೂರಿಯೇ ರೂಪಾಂತರವನ್ನು ಕರೆದು ಕ್ರಮವಿಧಿ ಬರೆಯುವಾಗ ಅದು ಸುಲಭವಾಗಿ ನುಸುಳುತ್ತದೆ.

4. ಎರಡನೆಯ ಅಪಾಯ: ಭೇದವು ತಲೆಕೆಳಗಾಗುವುದು

ಮಾದರೀಕರಣವು ರೋಹಿತವನ್ನು ದರದ ಅಂತರದಲ್ಲಿ ಮತ್ತೆ ಮತ್ತೆ ಪ್ರತಿ ಮಾಡುತ್ತದೆ; ಋಣಭಾಗವೂ ಆ ಪ್ರತಿಗಳಲ್ಲಿ ಸೇರಿರುತ್ತದೆ. ಕಡತದ ಗಾತ್ರ ಇಳಿಸಲು 48000 ಹರ್ಟ್ಸ್‌ನ ಮುದ್ರಿಕೆಯಿಂದ ಆರರಲ್ಲಿ ಒಂದು ಮಾದರಿಯನ್ನು ಮಾತ್ರ ಉಳಿಸಿಕೊಂಡರೆ ಹೊಸ ದರ 8000 ಹರ್ಟ್ಸ್. ಇಳಿಸುವ ಮೊದಲು 4000 ಹರ್ಟ್ಸ್‌ಗಿಂತ ಮೇಲಿನದನ್ನು ಸೋಸಿ ತೆಗೆಯದಿದ್ದರೆ, −6000 ಹರ್ಟ್ಸ್‌ನ ಘಟಕವು 8000 ಕೂಡಿಕೊಂಡು 2000 ಹರ್ಟ್ಸ್‌ನಲ್ಲಿ ಪ್ರತ್ಯಕ್ಷವಾಗುತ್ತದೆ. 3000 ಹರ್ಟ್ಸ್‌ನ ಶಕಾರ ಮಾತ್ರ ಇದ್ದಲ್ಲಿಯೇ ಇರುತ್ತದೆ. ಈಗ ‘ಸಾಗರ’ದ ಸಕಾರವು ‘ಶರಾವತಿ’ಯ ಶಕಾರಕ್ಕಿಂತ ಕೆಳಗೆ ಕಾಣುತ್ತದೆ. ಮೊದಲ ಅಪಾಯದಲ್ಲಿ ಎಲ್ಲ ಧ್ವನಿಗಳಿಗೂ ಒಂದೇ ಉತ್ತರ ಬರುವುದರಿಂದ ಅನುಮಾನಕ್ಕೆ ಎಡೆಯಿದೆ. ಇಲ್ಲಿ ಭೇದವು ಕಾಣುತ್ತದೆ, ಆದರೆ ವಿರುದ್ಧವಾಗಿ. ಆದ್ದರಿಂದ ಇದು ಹೆಚ್ಚು ಅಪಾಯಕಾರಿ.

ಸೋಸಿದ ಮೇಲೂ 8000 ಹರ್ಟ್ಸ್‌ನ ದರ ಸಕಾರದ ಅಧ್ಯಯನಕ್ಕೆ ಸಾಲದು. ಅದರ ಶಕ್ತಿಯ ಬಹುಪಾಲು ಸೋಸುವಿಕೆಯಲ್ಲೇ ಕಳೆದುಹೋಗಿರುತ್ತದೆ.

5. ಋಣಭಾಗವನ್ನು ತೆಗೆಯುವುದರ ಪ್ರಯೋಜನ

ಡೆನಿಸ್ ಗೇಬರ್ 1946ರಲ್ಲಿ ಋಣ ಆವೃತ್ತಿಗಳನ್ನು ಸೊನ್ನೆಯಾಗಿಸಿ ಧನಭಾಗವನ್ನು ಇಮ್ಮಡಿಸುವ ಕ್ರಮವನ್ನು ಮುಂದಿಟ್ಟರು. ಇದರಿಂದ ದೊರೆಯುವ ಸಮ್ಮಿಶ್ರ ಸಂಕೇತದ ಪರಿಮಾಣವೇ ಧ್ವನಿಯ ಹೊದಿಕೆ. ‘ತೀರ್ಥಹಳ್ಳಿ’ಯ ಥಕಾರದಲ್ಲಿ ಮಹಾಪ್ರಾಣತೆ ಉಳಿದಿದೆಯೇ ಎಂದು ಪರೀಕ್ಷಿಸುವಾಗ, ಸ್ಪರ್ಶದ ಬಿಡುಗಡೆಯ ನಂತರದ ಉಸಿರಿನ ಅವಧಿಯನ್ನು ಈ ಹೊದಿಕೆಯ ನೆರವಿನಿಂದ ಗುರುತಿಸಬಹುದು. ಇಮ್ಮಡಿಸುವುದನ್ನು ಮರೆತರೆ ಪಾರದ ಮಟ್ಟವು ಸುಮಾರು 6 ಡೆಸಿಬೆಲ್ ಕಡಿಮೆ ಕಾಣುತ್ತದೆ. ಒಂದೇ ವಿಧಾನದ ಅಳತೆಗಳನ್ನು ಹೋಲಿಸುವಾಗ ಇದರಿಂದ ತೊಂದರೆಯಿಲ್ಲ. ಎರಡು ವಿಧಾನಗಳ ಫಲಿತಾಂಶಗಳನ್ನು ಬೆರೆಸಿದಾಗ ತೊಂದರೆಯಿದೆ.

6. ಉಪಸಂಹಾರ

ಮಾತಿನ ಅಧ್ಯಯನದಲ್ಲಿ ಋಣ ಆವೃತ್ತಿಯು ಗಂಟಲಿನಲ್ಲಿ ಹುಟ್ಟುವ ಪ್ರತ್ಯೇಕ ಧ್ವನಿಯಲ್ಲ. ವಾಸ್ತವ ಸಂಕೇತವನ್ನು ಭ್ರಮಣಗಳ ಮೂಲಕ ಬರೆದಾಗ ಅನಿವಾರ್ಯವಾಗಿ ಬರುವ ಜೊತೆಗಾರ. ಊಷ್ಮಗಳ ಕುರಿತ ಪ್ರಬಂಧಗಳು ಮೂರು ಸಂಗತಿಗಳನ್ನು ದಾಖಲಿಸಬೇಕು: ಮಾದರೀಕರಣದ ಮೂಲ ದರ ಮತ್ತು ಇಳಿಸಿದ ದರ, ಇಳಿಸುವ ಮುನ್ನ ಬಳಸಿದ ಸೋಸುಕ, ಲೆಕ್ಕಕ್ಕೆ ತೆಗೆದುಕೊಂಡ ರೋಹಿತವು ಏಕಪಾರ್ಶ್ವದ್ದೋ ದ್ವಿಪಾರ್ಶ್ವದ್ದೋ ಎಂಬುದು. ಇಷ್ಟು ದಾಖಲಾಗಿದ್ದರೆ, ಭೇದವು ಅಳಿದದ್ದು ಭಾಷಿಕರ ನಾಲಗೆಯಲ್ಲೋ ಸಂಶೋಧಕರ ಲೆಕ್ಕದಲ್ಲೋ ಎಂಬುದನ್ನು ಓದುಗರು ತಾವೇ ಪರಿಶೀಲಿಸಬಹುದು.