ಔಷಧವೇ ಚರ್ಮವನ್ನು ಕಾಡಿದಾಗ

ಒಳಗಿನ ರೋಗವನ್ನು ಹಿಮ್ಮೆಟ್ಟಿಸಬೇಕಾದ ಔಷಧವೇ ಮೈಮೇಲೆ ಹೊಸ ಗಂಟನ್ನು ಮೂಡಿಸಿದರೆ ರೋಗಿಯೂ ಮನೆಯವರೂ ಕಂಗೆಡುವುದು ಸಹಜ. ಮೆಲನೋಮವೆಂಬ ಚರ್ಮದ ಕ್ಯಾನ್ಸರಿಗೆ ಕೊಡುವ ಕೆಲವು ಗುಳಿಗೆಗಳಿಂದ ಹೀಗಾಗುವುದುಂಟು. ಇದರ ಕಾರಣವನ್ನರಿತರೆ ಭಯ ತಗ್ಗುವುದು, ಮಾಡಬೇಕಾದುದೂ ತಿಳಿಯುವುದು.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಂಕೆ ಮೀರಿ ಬೆಳೆಯುವುದೇ ಮೆಲನೋಮ. ಇಂತಹ ಅನೇಕ ಗೆಡ್ಡೆಗಳಲ್ಲಿ ‘ಬಿ-ರಾಫ್’ ಎಂಬ ಜೀನ್ ಮಾರ್ಪಟ್ಟಿರುವುದು 2002ರಲ್ಲಿ ಬೆಳಕಿಗೆ ಬಂದಿತು. ಮಾರ್ಪಟ್ಟ ಜೀನಿನಿಂದಾಗಿ ಬೆಳವಣಿಗೆಯ ಸಂಕೇತವು ಎಡೆಬಿಡದೆ ಹೊರಡುತ್ತಿರುತ್ತದೆ. ಇದನ್ನು ತಡೆಯುವ ವೆಮುರಾಫೆನಿಬ್ 2011ರಲ್ಲಿಯೂ ಡಾಬ್ರಾಫೆನಿಬ್ 2013ರಲ್ಲಿಯೂ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಭಾರತೀಯರಲ್ಲಿ ಮೆಲನೋಮ ವಿರಳ. ಬಂದರೆ ಅಂಗಾಲಿನಲ್ಲಿ ಅಥವಾ ಉಗುರಿನಡಿಯಲ್ಲಿ ಕಾಣಿಸುವುದು ಹೆಚ್ಚು. ಅಂತಹವುಗಳಲ್ಲಿ ಈ ಮಾರ್ಪಾಡು ಕಡಿಮೆ. ಆದುದರಿಂದ ಗೆಡ್ಡೆಯ ಜೀನ್ ಪರೀಕ್ಷೆಯಾದ ಮೇಲೆಯೇ ಈ ಔಷಧವನ್ನು ಕೊಡುತ್ತಾರೆ.

ವಿಚಿತ್ರವೆಂದರೆ, ಬಿ-ರಾಫ್ ಸರಿಯಾಗಿರುವ ಕೋಶಗಳಲ್ಲಿ ಇದೇ ಔಷಧವು ಬೆಳವಣಿಗೆಯ ಸಂಕೇತವನ್ನು ಹೆಚ್ಚಿಸಬಲ್ಲದು. ಆಗ ಅಂಗೈ ಅಂಗಾಲುಗಳ ಚರ್ಮ ದಪ್ಪಗಟ್ಟಿ ನೋಯುತ್ತದೆ, ನರಹುಲಿಯಂತಹ ಗುಳ್ಳೆಗಳೇಳುತ್ತವೆ, ಕೂದಲು ಗುಂಗುರಾಗುವುದೂ ಉಂಟು. ವೆಮುರಾಫೆನಿಬ್ ಒಂದನ್ನೇ ಸೇವಿಸಿದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಚರ್ಮದ ಮೇಲ್ಪದರದ ಮತ್ತೊಂದು ಬಗೆಯ ಕ್ಯಾನ್ಸರ್ ಕಾಣಿಸಿಕೊಂಡಿತು. ಅಂತಹ ಅನೇಕ ಗಂಟುಗಳಲ್ಲಿ ‘ರಾಸ್’ ಎಂಬ ಬೇರೊಂದು ಜೀನಿನ ದೋಷವಿದ್ದುದು 2012ರಲ್ಲಿ ವರದಿಯಾಯಿತು. ಮೊದಲೇ ಬಿದ್ದಿದ್ದ ಕಳೆಯ ಬೀಜ ಮಳೆ ಬಂದೊಡನೆ ಮೊಳೆಯುವಂತೆ ಇದು. ಸಮಾಧಾನದ ಸಂಗತಿಯೆಂದರೆ, ಈ ಗಂಟುಗಳು ಹರಡುವುದು ಅಪರೂಪ. ಅವನ್ನು ಕತ್ತರಿಸಿ ತೆಗೆದು ಔಷಧವನ್ನು ಸಾಮಾನ್ಯವಾಗಿ ಮುಂದುವರಿಸಬಹುದು. ಸಂಕೇತದ ಮುಂದಿನ ಮೆಟ್ಟಿಲನ್ನು ತಡೆಯುವ ಟ್ರಾಮೆಟಿನಿಬ್‌ನಂತಹ ಔಷಧವನ್ನು ಜೊತೆಗೂಡಿಸಿದರೆ ಇವು ಗಣನೀಯವಾಗಿ ಕಡಿಮೆಯಾಗುತ್ತವೆ.

ವೆಮುರಾಫೆನಿಬ್ ಸೇವಿಸುವವರಿಗೆ ಬಿಸಿಲೂ ಶತ್ರುವೇ. ಚರ್ಮವನ್ನು ಸುಡುವ ಆ ಕಿರಣಗಳು ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ. ಬಸ್ಸಿನೊಳಗೆ ಕುಳಿತಾಗಲೂ ತುಂಬುತೋಳಿನ ಉಡುಪು ಮತ್ತು ವೈದ್ಯರು ಹೇಳಿದ ಬಿಸಿಲುತಡೆ ಲೇಪ ಅವಶ್ಯ.

ಮನೆಯವರು ರೋಗಿಯ ಬೆನ್ನು, ನೆತ್ತಿ, ಅಂಗಾಲುಗಳನ್ನು ಆಗಾಗ ನೋಡುತ್ತಿರಬೇಕು. ಹೊಸ ಗಂಟನ್ನು ಮುಚ್ಚಿಡುವುದಾಗಲಿ, ಮನೆಯಲ್ಲಿಯೇ ಕೊಯ್ಯುವುದಾಗಲಿ, ಸುಡುವುದಾಗಲಿ ಸಲ್ಲದು. ಜ್ವರದೊಡನೆ ಮೈತುಂಬ ದದ್ದು, ಬೊಬ್ಬೆ ಅಥವಾ ಬಾಯಿಹುಣ್ಣು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಪ್ರಮಾಣವನ್ನು ತಗ್ಗಿಸಿಯೋ ಕೆಲದಿನ ತಡೆಹಿಡಿದೋ ವೈದ್ಯರು ದಾರಿ ತೋರಬಲ್ಲರು. ಚರ್ಮದ ತೊಂದರೆಗೆ ಅಂಜಿ ಔಷಧವನ್ನು ಬಿಟ್ಟರೆ, ಹಿಮ್ಮೆಟ್ಟಿದ್ದ ರೋಗಕ್ಕೆ ನಾವೇ ಬಾಗಿಲು ತೆರೆದಂತಾದೀತು.