ಸಳನ ಕತ್ತಿ, ಪೇತ್ರನ ಕತ್ತಿ

(ದೃಶ್ಯ: ಬೇಲೂರು, ಚೆನ್ನಕೇಶವ ಗುಡಿಯ ಮೆಟ್ಟಿಲ ಪಕ್ಕ)
ಸಿಂಹದ ಜೊತೆ ಸೆಣಸುವ ಈ ಸಳ, ಹೊಯ್ಸಳರ ಮೂಲಪುರುಷ, ಗೊತ್ತಲ್ಲ? ಐತಿಹ್ಯದ ಪ್ರಕಾರ ಇವನು ಬೇಟೆಗೆ ಹೊರಟವನಲ್ಲ. ಗುರು ಸುದತ್ತ ಮುನಿಯ ಮೇಲೆರಗಿದ ಮೃಗವನ್ನು ತಡೆದವನು.

(ದೃಶ್ಯ: ಕರಾಟೆ ತರಗತಿ)
ಕರಾಟೆಯ ಗುರು ಫುನಾಕೋಶಿಯೂ ಇದನ್ನೇ ಕಲಿಸಿದರು: ಮೊದಲ ಏಟು ನಮ್ಮದಲ್ಲ. ಶೋಟೋಕಾನ್‌ನ ಐದೂ ಹೇಯಾನ್ ಕಟಾಗಳು (ನಿಗದಿತ ಚಲನೆಗಳ ಸರಣಿಗಳು) ಶುರುವಾಗುವುದು ತಡೆಯಿಂದಲೇ.

(ದೃಶ್ಯ: ತೆರೆದ ಬೈಬಲ್)
ಹಾಗಾದರೆ ಇನ್ನೊಂದು ಕೆನ್ನೆ ತೋರಿಸು ಎನ್ನುವ ಯೇಸು? ಗೆತ್ಸೆಮನೆಯಲ್ಲಿ ಪೇತ್ರ ಕತ್ತಿ ಬೀಸಿ ಒಬ್ಬನ ಕಿವಿ ಕತ್ತರಿಸಿದ. ಯೇಸು ಕತ್ತಿಯನ್ನು ಒರೆಗೆ ಸೇರಿಸಲು ಹೇಳಿದರು; ಕಿವಿಯನ್ನೂ ವಾಸಿಮಾಡಿದರು. ಆದರೆ ನಜರೇತಿನ ಜನ ಬೆಟ್ಟದಿಂದ ತಳ್ಳಲು ಬಂದಾಗ? ಗುಂಪಿನ ನಡುವೆಯೇ ದಾಟಿ ಹೋದರು. ಪೌಲ ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ಪಾರಾದ. ಜಾಗ ಖಾಲಿ ಮಾಡುವುದು ಹೇಡಿತನವಲ್ಲ, ಆತ್ಮರಕ್ಷಣೆಯ ಮೊದಲ ಪಾಠ.

ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯ ನೋಡಿ: ನಡುಕಟ್ಟು, ಎದೆಕವಚ, ಕೆರ, ಗುರಾಣಿ, ಶಿರಸ್ತ್ರಾಣ, ಎಲ್ಲವೂ ರಕ್ಷಣೆಗೆ. ಕತ್ತಿ ಒಂದೇ, ಅದೂ ದೇವರ ವಾಕ್ಯ.

ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಅಡ್ಡಗಟ್ಟಿದರೆ? ದೂರ ಸರಿಯಿರಿ, ಕೂಗಿ, 112ಕ್ಕೆ ಕರೆಮಾಡಿ. ದಾರಿಯೇ ಇಲ್ಲದಿದ್ದರೆ ತಡೆಯಿರಿ, ಬಿಡಿಸಿಕೊಳ್ಳಿ. ಬಿದ್ದವನಿಗೆ ಮಾತ್ರ ಇನ್ನೊಂದು ಏಟು ಬೇಡ. ಅಲ್ಲಿಂದ ಮುಂದೆ ಅದು ರಕ್ಷಣೆಯಲ್ಲ, ಸೇಡು.