ರೈಡ್ ನಿಲ್ಲಿಸುವ ಕೆಲಸ: ಬ್ರಿಟನ್ನಿನ ಅಮ್ಯೂಸ್‌ಮೆಂಟ್ ಪಾರ್ಕ್‌ನಲ್ಲಿ ಸೀಸನ್ ಕೆಲಸ ಹೇಗಿರುತ್ತೆ?

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ "ಪಾರ್ಟ್ ಟೈಮ್ ಎಲ್ಲಾದ್ರೂ ಇದ್ಯಾ?" ಅನ್ನೋ ಪ್ರಶ್ನೆ ಶುರುವಾಗುತ್ತದೆ. ಉತ್ತರಗಳೂ ಹೆಚ್ಚುಕಮ್ಮಿ ಅವೇ: ಸೂಪರ್‌ಮಾರ್ಕೆಟ್, ವೇರ್‌ಹೌಸ್, ಕಾಫಿ ಅಂಗಡಿ. ಅಮ್ಯೂಸ್‌ಮೆಂಟ್ ಪಾರ್ಕ್ ಅಂತ ಹೇಳುವವರು ಕಡಿಮೆ. ಆದರೆ ಇಲ್ಲಿನ ದೊಡ್ಡ ಪಾರ್ಕ್‌ಗಳು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬಾಗಿಲು ತೆಗೆದು ನವೆಂಬರ್ ಹೊತ್ತಿಗೆ ಮುಚ್ಚುತ್ತವೆ. ಈ ಏಳೆಂಟು ತಿಂಗಳಿಗೆ ಅಂತಲೇ ಪ್ರತಿವರ್ಷ ಹೊಸ ಜನರನ್ನು ತೆಗೆದುಕೊಳ್ಳುತ್ತವೆ. ರೈಡ್ ಆಪರೇಟರ್ ಕೆಲಸಕ್ಕೆ ಮೊದಲೇ ಅನುಭವ ಇರಬೇಕು ಅಂತೇನೂ ಇಲ್ಲ, ತರಬೇತಿ ಅವರೇ ಕೊಡುತ್ತಾರೆ. ಕಳೆದ ಸೀಸನ್ ನಾನೂ ಈ ಕೆಲಸ ಮಾಡಿದ್ದರಿಂದ, ಮುಂದಿನ ಬ್ಯಾಚಿನವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮನೆಯವರಿಗೆ ಈ ಕೆಲಸದ ಬಗ್ಗೆ ಹೇಳಿದರೆ ಬರುವ ಪ್ರಶ್ನೆ ಒಂದೇ: "ಇಂಜಿನಿಯರಿಂಗ್ ಓದಿ ಜಾತ್ರೆ ತೊಟ್ಟಿಲು ತಿರುಗಿಸ್ತೀಯಾ?" ಅವರು ಕೇಳುವುದರಲ್ಲಿ ತಪ್ಪಿಲ್ಲ. ಹೊರಗಿನಿಂದ ನೋಡಿದರೆ ಆಪರೇಟರ್ ಅಂದರೆ ಬಟನ್ ಒತ್ತುವವನು, ಅಷ್ಟೇ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗುತ್ತದೆ, ಬರೀ ಬಟನ್ ಒತ್ತುವುದಕ್ಕಾದರೆ ಮನುಷ್ಯನೇ ಬೇಕಾಗಿರಲಿಲ್ಲ. ಸಂಬಳ ಕೊಡುವುದು ಬಟನ್ ಒತ್ತಬಾರದ ಹೊತ್ತು ಯಾವುದು ಅಂತ ಗುರುತಿಸುವುದಕ್ಕೆ.

ಬಾಗಿಲು ತೆಗೆಯುವ ಮುಂಚೆ

ಜನ ಒಳಗೆ ಬರುವುದಕ್ಕೆ ಒಂದೆರಡು ಗಂಟೆ ಮೊದಲೇ ರೈಡ್‌ನ ದಿನ ಶುರುವಾಗಿರುತ್ತದೆ. ಟೆಕ್ನಿಷಿಯನ್‌ಗಳು ಹಳಿ, ಚಕ್ರ, ಬ್ರೇಕ್ ಎಲ್ಲ ನೋಡಿ ಸಹಿ ಹಾಕಿ ರೈಡನ್ನು ಆಪರೇಟರ್‌ಗಳಿಗೆ ಒಪ್ಪಿಸುತ್ತಾರೆ. ಆಮೇಲೆ ನಮ್ಮ ಪಟ್ಟಿ. ಪ್ರತಿ ಸೀಟಿನ ಲ್ಯಾಪ್ ಬಾರ್ ಲಾಕ್ ಆಗುತ್ತಾ, ಗೇಟು ಸರಿಯಾಗಿ ಮುಚ್ಚುತ್ತಾ, ಮೈಕ್ ಕೇಳಿಸುತ್ತಾ, ಸ್ಟಾಪ್ ಬಟನ್‌ಗಳು ಕೆಲಸ ಮಾಡುತ್ತವಾ ಅಂತ ಒಂದೊಂದಾಗಿ ನೋಡಬೇಕು. ಖಾಲಿ ಟ್ರೈನನ್ನು ಕೆಲವು ಸುತ್ತು ಓಡಿಸಬೇಕು. ಎಲ್ಲ ಸರಿ ಇದ್ದರೆ ನಮ್ಮ ಸಹಿ. ಇದಲ್ಲದೆ ಬ್ರಿಟನ್ನಿನಲ್ಲಿ ಎಡಿಐಪಿಎಸ್ ಅನ್ನುವ ವ್ಯವಸ್ಥೆಯಡಿ ರೈಡ್‌ಗಳಿಗೆ ವರ್ಷಕ್ಕೊಮ್ಮೆ ಸ್ವತಂತ್ರ ತಪಾಸಣೆಯೂ ಇರುತ್ತದೆ.

ಒಂದು ರೈಡಿಗೆ ತರಬೇತಿ ಆಗಿದೆ ಅಂತ ಪಕ್ಕದ ರೈಡ್ ನಡೆಸುವ ಹಾಗಿಲ್ಲ. ಪ್ರತಿ ರೈಡಿನ ಕಂಟ್ರೋಲ್ ಪ್ಯಾನಲ್ ಬೇರೆ, ಜನರನ್ನು ಕೆಳಗಿಳಿಸುವ ವಿಧಾನ ಬೇರೆ. ಮೊದಲು ಪ್ಲಾಟ್‌ಫಾರ್ಮ್ ಕೆಲಸ, ಆಮೇಲೆ ಪ್ಯಾನಲ್. ಪ್ರತಿ ಹಂತಕ್ಕೂ ಬಾಯಿಮಾತಿನ ಪರೀಕ್ಷೆ, ಮಾಡಿ ತೋರಿಸುವ ಪರೀಕ್ಷೆ, ಸಹಿ.

1,920 ಬಾರ್‌ಗಳು

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ರೋಲರ್ ಕೋಸ್ಟರ್ ಟ್ರೈನಿನಲ್ಲಿ 16 ಸೀಟು, ನಿಮಿಷಕ್ಕೊಂದು ಟ್ರೈನ್ ಹೊರಡುತ್ತದೆ ಅಂದುಕೊಳ್ಳಿ. ಗಂಟೆಗೆ 960 ಜನ. ಪ್ಲಾಟ್‌ಫಾರ್ಮ್ ಮೇಲೆ ಇಬ್ಬರಿದ್ದರೆ ಒಬ್ಬೊಬ್ಬರೂ ಗಂಟೆಗೆ 480 ಬಾರ್‌ಗಳನ್ನು ಕೈಯಲ್ಲಿ ಎಳೆದು ನೋಡಬೇಕು. ದಿನಕ್ಕೆ ನಾಲ್ಕು ಗಂಟೆ ಅಲ್ಲಿ ನಿಂತರೆ 1,920 ಸಲ. ಬಗ್ಗಿ ಏಳುವುದರಿಂದ ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ, ಅದು ಬೇರೆ ಮಾತು. ನಿಜವಾದ ಕಷ್ಟ ಇರುವುದು, 1,920ನೇ ಬಾರನ್ನೂ ಮೊದಲನೆಯದನ್ನು ನೋಡಿದ ಹಾಗೇ ನೋಡುವುದರಲ್ಲಿ. ಕೈ ಅಭ್ಯಾಸದಿಂದ ಓಡುತ್ತಿರುತ್ತದೆ, ಕಣ್ಣು ನೋಡುತ್ತಿರುತ್ತದೆ, ಆದರೆ ತಲೆಗೆ ಏನೂ ಹೋಗುತ್ತಿರುವುದಿಲ್ಲ. ಅದಕ್ಕೇ ಒಬ್ಬರನ್ನು ಒಂದೇ ಜಾಗದಲ್ಲಿ ಇಡೀ ದಿನ ನಿಲ್ಲಿಸದೆ, ಪ್ಲಾಟ್‌ಫಾರ್ಮ್, ಪ್ಯಾನಲ್, ಎತ್ತರ ಅಳೆಯುವ ಜಾಗ, ಕ್ಯೂ ಬಾಗಿಲು ಅಂತ ಬದಲಾಯಿಸುತ್ತಾ ಇರುತ್ತಾರೆ.

ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಪ್ರತಿ ಟ್ರೈನ್ 60 ಸೆಕೆಂಡಿನ ಬದಲು 80 ಸೆಕೆಂಡಿಗೆ ಹೊರಟರೆ ಗಂಟೆಗೆ 45 ಟ್ರೈನ್, 720 ಜನ. ಅಂದರೆ ಬರೀ 20 ಸೆಕೆಂಡ್ ತಡವಾದರೆ ಗಂಟೆಗೆ 240 ಜನ ಕಡಿಮೆ. ಗಂಟೆಗೆ ಎಷ್ಟು ಜನ ಹತ್ತಿದರು ಅನ್ನೋ ಸಂಖ್ಯೆಯನ್ನು ಪಾರ್ಕ್‌ಗಳು ಬರೆದಿಡುತ್ತವೆ. ಬಿಸಿಲಲ್ಲಿ ಎರಡು ಗಂಟೆ ಕ್ಯೂ ನಿಂತ ಜನರ ಮುಖವೂ ಎದುರಿಗೇ ಇರುತ್ತದೆ. "ಬೇಗ ಮಾಡು" ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಆ ಸಂಖ್ಯೆ, ಆ ಕ್ಯೂ ಎರಡೂ ಸೇರಿ ಹೇಳುತ್ತಿರುತ್ತವೆ.

ಇದರ ಮಧ್ಯೆ "ಇಲ್ಲ" ಅನ್ನುವುದೇ ದಿನದ ಅರ್ಧ ಕೆಲಸ. ದೊಡ್ಡ ಕೋಸ್ಟರ್‌ಗಳಿಗೆ 1.4 ಮೀಟರ್ ಎತ್ತರ ಬೇಕು ಅಂತಿದ್ದರೆ, ತುದಿಗಾಲಲ್ಲಿ ನಿಂತ ಮಗುವಿಗೆ ಇಲ್ಲ ಅನ್ನಬೇಕು. "ಹೋದ ವಾರ ಬಿಟ್ಟಿದ್ರಲ್ಲ" ಅನ್ನುವ ಅಪ್ಪನಿಗೆ ಇಲ್ಲ ಅನ್ನಬೇಕು. ವೀಡಿಯೋ ಮಾಡ್ತೀನಿ ಅಂತ ಫೋನ್ ಹಿಡಿದವರಿಗೆ ಇಲ್ಲ ಅನ್ನಬೇಕು. ಬಾರ್ ಲಾಕ್ ಆಗದಷ್ಟು ದಪ್ಪ ಇರುವವರನ್ನು ಎಲ್ಲರ ಎದುರು ಇಳಿಸುವುದು ಇವೆಲ್ಲಕ್ಕಿಂತ ಕಷ್ಟ. ಆಗ ದನಿ ತಗ್ಗಿಸಿ, ಹತ್ತಿರ ಹೋಗಿ ಹೇಳುವುದನ್ನು ಕಲಿಯಬೇಕು. ನಮ್ಮ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುವವರೂ ಸಿಗುತ್ತಾರೆ. ಜನ ವಾದಕ್ಕೆ ನಿಂತರೆ ಸೂಪರ್‌ವೈಸರನ್ನು ಕರೆಯಿರಿ. ವಾದ ಗೆಲ್ಲುವುದು ನಿಮ್ಮ ಕೆಲಸವಲ್ಲ.

ಟ್ರೈನ್‌ಗಳು ಯಾಕೆ ಡಿಕ್ಕಿ ಹೊಡೆಯುವುದಿಲ್ಲ?

ಇದು ನಮ್ಮ ಇಂಜಿನಿಯರಿಂಗ್ ಮಂದಿಗೆ ಇಷ್ಟವಾಗುವ ಭಾಗ. ಒಂದೇ ಹಳಿಯ ಮೇಲೆ ಮೂರು ನಾಲ್ಕು ಟ್ರೈನ್ ಓಡುವ ಕೋಸ್ಟರ್‌ನಲ್ಲಿ ಹಳಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡಿರುತ್ತಾರೆ. ನಮ್ಮ ರೈಲ್ವೆ ಸಿಗ್ನಲ್‌ನ ನಿಯಮವೇ ಇಲ್ಲೂ: ಒಂದು ಬ್ಲಾಕ್‌ನಲ್ಲಿ ಒಂದೇ ಟ್ರೈನ್. ಪ್ರತಿ ಬ್ಲಾಕ್‌ನ ಕೊನೆಯಲ್ಲಿ ಟ್ರೈನನ್ನು ನಿಲ್ಲಿಸಬಲ್ಲ ಬ್ರೇಕ್ ಅಥವಾ ಮೇಲಕ್ಕೆ ಎಳೆಯುವ ಚೈನ್ ಇರಬೇಕು. ಹಳಿ ಪಕ್ಕದ ಸೆನ್ಸರ್‌ಗಳು ಟ್ರೈನ್ ಬಂದದ್ದು, ಹೋದದ್ದನ್ನು ಪಿಎಲ್‌ಸಿಗೆ ತಿಳಿಸುತ್ತವೆ. ಮುಂದಿನ ಬ್ಲಾಕ್ ಖಾಲಿ ಆಗಿದೆ ಅಂತ ಖಾತ್ರಿಯಾಗುವ ತನಕ ಹಿಂದಿನ ಟ್ರೈನನ್ನು ಪಿಎಲ್‌ಸಿ ಬಿಡುವುದಿಲ್ಲ. ಹಾಗಾಗಿ ಟ್ರೈನ್‌ಗಳ ಸಂಖ್ಯೆ ಬ್ಲಾಕ್‌ಗಳ ಸಂಖ್ಯೆಗಿಂತ ಕನಿಷ್ಠ ಒಂದಾದರೂ ಕಡಿಮೆ ಇರಬೇಕು. ಇಲ್ಲದಿದ್ದರೆ ಮುಂದೆ ಹೋಗಲು ಯಾವುದಕ್ಕೂ ಜಾಗವೇ ಇರುವುದಿಲ್ಲ.

ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಟ್ರೈನ್ ಇದ್ದಲ್ಲೇ ನಿಲ್ಲುತ್ತದೆ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಇಳಿಜಾರಿನಲ್ಲಿ ಬರುತ್ತಿರುವ ಟ್ರೈನಿಗೆ ಇಂಜಿನ್ನೇ ಇಲ್ಲ, ಅದನ್ನು ಓಡಿಸುತ್ತಿರುವುದು ಗುರುತ್ವಾಕರ್ಷಣೆ. ಅದು ನಿಲ್ಲುವುದು ಮುಂದಿನ ಬ್ರೇಕ್ ಸಿಕ್ಕಾಗ. ಆದ್ದರಿಂದ ಆಪರೇಟರ್‌ನ ಗಮನ ಬೇಕಾಗಿರುವುದು ಟ್ರೈನ್ ಹೊರಡುವ ಮುಂಚೆ.

2015ರ ಜೂನ್ 2

ಈ ಕೆಲಸ ಮಾಡುವವರೆಲ್ಲರೂ ತಿಳಿದಿರಬೇಕಾದ ಒಂದು ದಿನ ಇದು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರುವ ಆಲ್ಟನ್ ಟವರ್ಸ್ ಪಾರ್ಕ್‌ನಲ್ಲಿ 'ದ ಸ್ಮೈಲರ್' ಅನ್ನುವ ಕೋಸ್ಟರ್ ಇದೆ. 2013ರಲ್ಲಿ ಶುರುವಾದ ಇದು 14 ಸಲ ತಲೆಕೆಳಗಾಗಿ ತಿರುಗುತ್ತದೆ. ಆ ದಿನ ಜೋರು ಗಾಳಿ. ತಾಂತ್ರಿಕ ತೊಂದರೆ ಬಂದು ಪರೀಕ್ಷೆಗೆ ಅಂತ ಬಿಟ್ಟ ಖಾಲಿ ಟ್ರೈನ್ ಸುತ್ತು ಮುಗಿಸದೆ ಹಳಿಯ ಮಧ್ಯದಲ್ಲೇ ನಿಂತುಬಿಟ್ಟಿತು. ಆಮೇಲೆ 16 ಜನರಿದ್ದ ಟ್ರೈನ್ ಹೊರಟಿತು. ಮುಂದಿನ ಬ್ಲಾಕ್ ಖಾಲಿ ಇಲ್ಲ ಅಂತ ಕಂಟ್ರೋಲ್ ಸಿಸ್ಟಂ ಅದನ್ನು ತಡೆದು ನಿಲ್ಲಿಸಿತು. ಸಿಸ್ಟಂ ಹೇಳಿದ್ದು ಸರಿಯಾಗಿತ್ತು. ಆದರೆ ಅಲ್ಲಿದ್ದ ಇಂಜಿನಿಯರ್‌ಗಳಿಗೆ ಖಾಲಿ ಟ್ರೈನ್ ನಿಂತಿರುವುದು ಗೊತ್ತಿರಲಿಲ್ಲ. ಸಿಸ್ಟಂ ಸುಮ್ಮನೆ ತಪ್ಪು ತೋರಿಸುತ್ತಿದೆ ಅಂದುಕೊಂಡು ಆ ತಡೆಯನ್ನು ಕೈಯಿಂದಲೇ ತೆಗೆದು ಟ್ರೈನನ್ನು ಮುಂದೆ ಬಿಟ್ಟರು. ಅದು ಹೋಗಿ ಖಾಲಿ ಟ್ರೈನಿಗೆ ಗುದ್ದಿತು. ಐವರಿಗೆ ತೀವ್ರ ಗಾಯಗಳಾದವು. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು.

ಇಲ್ಲಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯಾದ ಎಚ್‌ಎಸ್‌ಇ ತನಿಖೆ ನಡೆಸಿತು. ಹಳಿಯಲ್ಲಾಗಲಿ, ಟ್ರೈನಿನಲ್ಲಾಗಲಿ, ಕಂಟ್ರೋಲ್ ಸಿಸ್ಟಂನಲ್ಲಾಗಲಿ ದೋಷ ಸಿಗಲಿಲ್ಲ. ಹಾಗಂತ ಎಲ್ಲ ತಪ್ಪನ್ನೂ ಆ ದಿನ ಕೆಲಸದಲ್ಲಿದ್ದವರ ಮೇಲೆ ಹಾಕಿ ಕೈ ತೊಳೆದುಕೊಳ್ಳಲೂ ಬಿಡಲಿಲ್ಲ. ತಡೆ ತೆಗೆಯುವ ಮುಂಚೆ ಯಾರು ಏನು ನೋಡಬೇಕು ಅನ್ನುವ ಗಟ್ಟಿಯಾದ ವ್ಯವಸ್ಥೆಯನ್ನೇ ಕಂಪನಿ ಮಾಡಿರಲಿಲ್ಲ ಅನ್ನುವುದು ಮುಖ್ಯ ಆರೋಪವಾಗಿತ್ತು. ಮಾಲೀಕ ಕಂಪನಿ ತಪ್ಪೊಪ್ಪಿಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಸ್ಟಾಫರ್ಡ್ ಕ್ರೌನ್ ಕೋರ್ಟ್ 50 ಲಕ್ಷ ಪೌಂಡ್ ದಂಡ ಹಾಕಿತು.

ಸೀಸನ್‌ಗೆ ಅಂತ ಸೇರುವ ನಮ್ಮಂಥವರಿಗೆ ಇದರಿಂದ ತಿಳಿಯಬೇಕಾದ್ದು ಎರಡು. ಒಂದು, ಮಷೀನ್ ನಿಲ್ಲಿಸಿದೆ ಅಂದರೆ ಕಾರಣ ಸಿಗುವ ತನಕ ಅದು ನಿಂತೇ ಇರಲಿ. ಎರಡು, "ನಂಗೆ ಅನುಮಾನ ಇದೆ, ನಿಲ್ಲಿಸ್ತೀನಿ" ಅನ್ನುವ ಹಕ್ಕು ಮೂರು ವಾರದ ಹಿಂದೆ ಸೇರಿದವರಿಗೂ ಇರಬೇಕು. 1974ರ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಪ್ರಕಾರ ತನ್ನ ಜೊತೆಗೆ ಇತರರ ಸುರಕ್ಷತೆಯ ಬಗ್ಗೆಯೂ ಎಚ್ಚರ ವಹಿಸುವುದು ಕೆಲಸಗಾರನ ಕರ್ತವ್ಯ. ವೀಸಾ ಮೇಲಿರುವವರು, ಮುಂದಿನ ವಾರ ಶಿಫ್ಟ್ ಕೊಡದಿದ್ದರೆ ಬಾಡಿಗೆಗೆ ಏನು ಮಾಡೋದು ಅಂತ ಯೋಚಿಸುವವರು ಬಾಯಿ ಬಿಡುವುದು ಕಷ್ಟ. ಒಳ್ಳೆಯ ಪಾರ್ಕ್ ಯಾವುದು ಅಂತ ಗೊತ್ತಾಗುವುದು ಇಲ್ಲೇ. ನೀವು ಸುಮ್ಮನೆ ಅನುಮಾನಕ್ಕೆ ರೈಡ್ ನಿಲ್ಲಿಸಿ, ಕೊನೆಗೆ ಏನೂ ಇರಲಿಲ್ಲ ಅಂತಾದಾಗ ಸೂಪರ್‌ವೈಸರ್ ಏನು ಹೇಳುತ್ತಾರೆ ಅನ್ನುವುದನ್ನು ಗಮನಿಸಿ.

ದುಡ್ಡು ಮತ್ತು ವೀಸಾ

ಈಗ ಎಲ್ಲರೂ ಕೇಳುವ ಲೆಕ್ಕಕ್ಕೆ ಬರೋಣ. 21 ವರ್ಷ ದಾಟಿದವರಿಗೆ ಕನಿಷ್ಠ ವೇತನ 2025ರ ಏಪ್ರಿಲ್‌ನಿಂದ ಗಂಟೆಗೆ 12.21 ಪೌಂಡ್ ಇತ್ತು, 2026ರ ಏಪ್ರಿಲ್‌ನಿಂದ 12.71 ಪೌಂಡ್. ಶನಿವಾರ, ಭಾನುವಾರ ತಲಾ ಎಂಟು ಗಂಟೆ ಶಿಫ್ಟ್, ಅದರಲ್ಲಿ ಅರ್ಧ ಗಂಟೆ ಸಂಬಳವಿಲ್ಲದ ಬ್ರೇಕ್ ಅಂದುಕೊಂಡರೆ ವಾರಕ್ಕೆ 15 ಗಂಟೆ, 190.65 ಪೌಂಡ್. ಇದೊಂದೇ ಕೆಲಸವಾಗಿದ್ದರೆ ಈ ಮೊತ್ತಕ್ಕೆ ನ್ಯಾಷನಲ್ ಇನ್ಶೂರೆನ್ಸ್ ಕಡಿತವಿಲ್ಲ. ವರ್ಷದ ಆದಾಯ 12,570 ಪೌಂಡ್ ದಾಟದಿದ್ದರೆ ಆದಾಯ ತೆರಿಗೆಯೂ ಇಲ್ಲ. ಟ್ಯಾಕ್ಸ್ ಕೋಡ್ ತಪ್ಪಾಗಿ ಬಿದ್ದು ಕಡಿತವಾದರೆ ಆ ದುಡ್ಡನ್ನು ವಾಪಸ್ ಕೇಳಬಹುದು. ಗಂಟೆ ಲೆಕ್ಕದ ಕೆಲಸಕ್ಕೂ ಸಂಬಳ ಸಹಿತ ರಜೆ ಇದೆ: ದುಡಿದ ಗಂಟೆಗಳ ಶೇ. 12.07ರಷ್ಟು. ಸೀಸನ್ ಮುಗಿದಾಗ ಬಳಸದೆ ಉಳಿದ ರಜೆಯ ದುಡ್ಡು ಬಂದಿದೆಯಾ ಅಂತ ಪೇಸ್ಲಿಪ್ ನೋಡಿಕೊಳ್ಳಿ.

ಕೈಗೆ ಉಳಿಯುವುದು ಇದಕ್ಕಿಂತ ಕಡಿಮೆ. ದೊಡ್ಡ ಪಾರ್ಕ್‌ಗಳು ಎಷ್ಟೋ ಕಡೆ ಊರಿನಿಂದ ದೂರ, ಹೊಲಗಳ ಮಧ್ಯೆ ಇವೆ. ಭಾನುವಾರ ಬಸ್ ಕಡಿಮೆ. ಮಳೆ, ಗಾಳಿ ಬಂದರೆ ರೈಡ್ ಮುಚ್ಚುತ್ತದೆ. ಎಷ್ಟು ಗಂಟೆ ಕೆಲಸ ಅಂತ ಖಾತ್ರಿಯೇ ಇಲ್ಲದ ಝೀರೋ ಅವರ್ ಕಾಂಟ್ರಾಕ್ಟ್ ಆಗಿದ್ದರೆ, ಜನ ಕಡಿಮೆ ಇರುವ ವಾರ ಶಿಫ್ಟೂ ಕಡಿಮೆ.

ವೀಸಾ ವಿಷಯದಲ್ಲಿ ಮಾತ್ರ ಯಾರ ಬಾಯಿಮಾತನ್ನೂ ನಂಬಬೇಡಿ. ಪೂರ್ಣಾವಧಿ ಮಾಸ್ಟರ್ಸ್ ಮಾಡುವ ನಮಗೆ ಟರ್ಮ್ ಇರುವಾಗ ವಾರಕ್ಕೆ 20 ಗಂಟೆಯ ಮಿತಿ. ವಾರ ಅಂದರೆ ಸೋಮವಾರದಿಂದ ಭಾನುವಾರ. ಒಂದು ವಾರ 12, ಇನ್ನೊಂದು ವಾರ 28 ಮಾಡಿ ಸರಾಸರಿ 20 ಅನ್ನುವ ಹಾಗಿಲ್ಲ. ಎರಡು ಕಡೆ ಕೆಲಸ ಮಾಡಿದರೆ ಎರಡರ ಗಂಟೆಯೂ ಸೇರುತ್ತದೆ. ಇನ್ನು ಬೇಸಿಗೆ. ಬ್ಯಾಚುಲರ್ಸ್ ಹುಡುಗರು ಜೂನ್‌ನಿಂದ ಪೂರ್ತಿ ವಾರ ದುಡಿಯುವುದನ್ನು ನೋಡಿ ನಮಗೂ ರಜೆ ಅಂದುಕೊಳ್ಳುವುದು ಸುಲಭ. ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಡಿಸರ್ಟೇಶನ್ ಬರೆಯುವ ಬೇಸಿಗೆ ಸಾಮಾನ್ಯವಾಗಿ ಟರ್ಮ್ ಲೆಕ್ಕಕ್ಕೇ ಬರುತ್ತದೆ. ಕ್ಯಾಂಪಸ್ ಖಾಲಿ ಇದ್ದರೂ 20 ಗಂಟೆಯ ಮಿತಿ ಹಾಗೇ ಇರುತ್ತದೆ. ನಿಮ್ಮ ಕೋರ್ಸಿನ ಟರ್ಮ್ ದಿನಾಂಕಗಳ ಪತ್ರವನ್ನು ವಿಶ್ವವಿದ್ಯಾಲಯದಿಂದ ತೆಗೆದುಕೊಂಡು ಪಾರ್ಕ್‌ನ ಎಚ್‌ಆರ್‌ಗೆ ಕೊಟ್ಟುಬಿಡಿ. ಆಗ "ಆಗಸ್ಟ್‌ನಲ್ಲಿ ಐದು ದಿನ ಬನ್ನಿ" ಅಂತ ಸೂಪರ್‌ವೈಸರ್ ಕೇಳಿದರೆ ಉತ್ತರ ಕೊಡುವುದು ಸುಲಭ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ವಾರದಲ್ಲೂ ಇದೇ ಒತ್ತಡ ಬರುತ್ತದೆ.

ಸೇರುವ ಮುಂಚೆ ಕೇಳಬೇಕಾದ್ದು

ಇಂಟರ್‌ವ್ಯೂನಲ್ಲಿ ಕೊನೆಗೆ "ಏನಾದರೂ ಕೇಳೋದಿದೆಯಾ?" ಅನ್ನುತ್ತಾರೆ. ಆಗ ಇಷ್ಟು ಕೇಳಿ. ತರಬೇತಿ ದಿನಗಳಿಗೆ ಸಂಬಳ ಇದೆಯಾ? ಬೆಳಗಿನ ತಪಾಸಣೆಯ ಹೊತ್ತು ಸಂಬಳದ ಲೆಕ್ಕಕ್ಕೆ ಬರುತ್ತಾ? ಹವಾಮಾನದಿಂದ ರೈಡ್ ಮುಚ್ಚಿದರೆ ಬೇರೆ ಕೆಲಸ ಕೊಡ್ತೀರಾ, ಮನೆಗೆ ಕಳಿಸ್ತೀರಾ? ಸಿಬ್ಬಂದಿಗೆ ಬಸ್ ಇದೆಯಾ? ಕೊನೆಯದು, ರೈಡ್ ನಿಲ್ಲಿಸುವ ಅಧಿಕಾರ ಯಾರಿಗೆ? ಈ ಕೊನೆಯ ಪ್ರಶ್ನೆಗೆ "ಪ್ಲಾಟ್‌ಫಾರ್ಮ್ ಮೇಲಿರುವ ಯಾರಾದರೂ ನಿಲ್ಲಿಸಬಹುದು" ಅನ್ನುವ ಉತ್ತರ ತಡವರಿಸದೆ ಬಂದರೆ ಧೈರ್ಯವಾಗಿ ಸೇರಿ.

ಆರು ತಿಂಗಳ ನಂತರ ಸಿವಿಯಲ್ಲಿ ಏನು ಬರೆಯೋದು ಅಂತ ಕೇಳುವವರಿಗೆ ಒಂದು ಮಾತು. ಇಂಟರ್‌ಲಾಕ್, ಸೆನ್ಸರ್, ಪಿಎಲ್‌ಸಿ ಬಗ್ಗೆ ನಾವು ಪುಸ್ತಕದಲ್ಲಿ ಓದಿದ್ದೇವೆ. ಆ ಸಿಸ್ಟಂನ ಮುಂದೆ ದಣಿದು ನಿಂತ ಮನುಷ್ಯ ಹೇಗೆ ಯೋಚಿಸುತ್ತಾನೆ ಅನ್ನುವುದನ್ನು ಅಲ್ಲಿ ನಿಂತೇ ಕಲಿಯಬೇಕು. ನಾಳೆ ನಾವೇ ಇಂಥ ಸಿಸ್ಟಂ ಡಿಸೈನ್ ಮಾಡುವಾಗ, ಸ್ಟಾಪ್ ಬಟನ್ ಎಲ್ಲಿ ಇಡಬೇಕು, ತಡೆ ತೆಗೆಯುವ ಕೀ ಯಾರ ಕೈಯಲ್ಲಿರಬೇಕು ಅಂತ ತೀರ್ಮಾನಿಸುವುದು ನಾವೇ ತಾನೇ.